ಕಪ್ಪು ಪರದೆಯ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್, ಜೊತೆಗೆ ಚಿಕ್ಕಪ್ಪನ ನುಡಿ ಕಡತಗಳು

ಮೊದಲು ಮಿಷಿನ್ ಯಾವುದು ಅಂತ ಹೇಳಿಬಿಡುತ್ತೇನೆ. 2012–13ರ ಹೊತ್ತಿನ 15.6 ಇಂಚಿನ ಲ್ಯಾಪ್‌ಟಾಪ್. ಪ್ರೊಸೆಸರ್ ಇಂಟೆಲ್ ಕೋರ್ ಐ3-3110ಎಂ, ಅಂದರೆ ಎರಡು ಕೋರ್, ನಾಲ್ಕು ಥ್ರೆಡ್, 2.4 ಗಿಗಾಹರ್ಟ್ಸ್. 4 ಜಿಬಿ ರ್‍ಯಾಮ್, 500 ಜಿಬಿಯ ತಿರುಗುವ ಹಾರ್ಡ್ ಡಿಸ್ಕ್, ಒಂದು ಡಿವಿಡಿ ಡ್ರೈವ್. ಕಂಪನಿಯ ಹೆಸರು ಬೇಡ ಬಿಡಿ, ಆ ಕಾಲದ ಮಧ್ಯಮ ಬೆಲೆಯ ಲ್ಯಾಪ್‌ಟಾಪುಗಳ ಹೊಟ್ಟೆಯಲ್ಲಿ ಹೆಚ್ಚುಕಡಿಮೆ ಇದೇ ಇರುತ್ತಿತ್ತು.

ಇದು ಸಾಗರದ ಹತ್ತಿರ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಚಿಕ್ಕಪ್ಪನದು. ಪವರ್ ಬಟನ್ ಒತ್ತಿದರೆ ದೀಪ ಉರಿಯುತ್ತದೆ, ಫ್ಯಾನ್ ಕೂಗುತ್ತದೆ, ಪರದೆ ಮಾತ್ರ ಕಪ್ಪು. ಒತ್ತಿ ಒತ್ತಿ ಯಾವಾಗಲೋ ಒಮ್ಮೆ ಪರದೆ ಬಂದರೂ ವಿಂಡೋಸ್ 10 ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತೇನೆ ಅಂತ ಸುತ್ತುತ್ತಾ ಕೂರುತ್ತದೆ, ಗಂಟೆಗಟ್ಟಲೆ ಕಾದರೂ ಮುಂದೆ ಹೋಗಲ್ಲ. ಎಡಗಡೆಯ ಹಿಂಜ್ ಕಿತ್ತುಬಂದು ಪರದೆಯನ್ನು ಗೋಡೆಗೆ ಒರಗಿಸಿ ಇಡಬೇಕು. ಬ್ಯಾಟರಿ ಪೂರ್ತಿ ಸತ್ತಿದೆ. ಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ ಅಂದರಂತೆ.

ಆದರೂ ಅದನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿದ್ದಕ್ಕೆ ಕಾರಣ ಇತ್ತು. ಚಿಕ್ಕಪ್ಪ ನಮ್ಮ ಕಡೆಯ ಮದುವೆ ಮನೆಯ ಹಾಡುಗಳನ್ನು, ಹಸೆ ಹಾಡು, ಆರತಿ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು, ಎಲ್ಲವನ್ನೂ ಚಿಕ್ಕಮ್ಮನಿಂದ ಮತ್ತು ಊರಿನ ಹಿರಿಯ ಹೆಂಗಸರಿಂದ ಕೇಳಿ ಕೇಳಿ ವರ್ಷಗಟ್ಟಲೆ ಅದರಲ್ಲಿ ಟೈಪ್ ಮಾಡಿ ಇಟ್ಟಿದ್ದರು. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ. ಬೇರೆಲ್ಲೂ ನಕಲಿಲ್ಲ. ‘ಲ್ಯಾಪ್‌ಟಾಪ್ ಹೋದ್ರೆ ಹೋಗ್ಲಿ ಮಾರಾಯ, ಹಾಡು ಮಾತ್ರ ತೆಗೆದುಕೊಡು’ ಅಂದರು. ನನಗೆ ಎರಡೂ ಆಗಬೇಕಿತ್ತು.

ಮದರ್‌ಬೋರ್ಡ್ ಹೋಗಿದೆ ಅನ್ನುವ ಮಾತನ್ನು ನಾನು ನಂಬಲಿಲ್ಲ. ಪೂರ್ತಿ ಸತ್ತ ಬೋರ್ಡ್ ಆಗಾಗ ಎದ್ದು ಕೂರುವುದಿಲ್ಲ. ಬಿಟ್ಟು ಬಿಟ್ಟು ಬರುವ ತೊಂದರೆ ಅಂದರೆ ಮೊದಲು ನೋಡಬೇಕಾದ್ದು ರ್‍ಯಾಮ್.

ಬಿಚ್ಚಿದ ಮೇಲೆ

ಅಡಾಪ್ಟರ್ ಕಿತ್ತು, ಬ್ಯಾಟರಿ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದೆ. ಬೋರ್ಡಿನಲ್ಲಿ ಉಳಿದ ಕರೆಂಟ್ ಇಳಿಯಲಿ ಅಂತ. ಈ ಕಾಲದ ಲ್ಯಾಪ್‌ಟಾಪುಗಳ ದೊಡ್ಡ ಪುಣ್ಯ ಏನಂದರೆ ಕೆಳಗೆ ಒಂದು ಸಣ್ಣ ಮುಚ್ಚಳ ಇರುತ್ತದೆ, ಎರಡು ಸ್ಕ್ರೂ ಬಿಚ್ಚಿದರೆ ರ್‍ಯಾಮ್ ಮತ್ತು ಹಾರ್ಡ್ ಡಿಸ್ಕ್ ಕೈಗೆ ಸಿಗುತ್ತವೆ. ಈಗ ಬರುವ ಎಷ್ಟೋ ತೆಳು ಮಿಷಿನ್‌ಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿಬಿಡುತ್ತಾರೆ, ಅಲ್ಲಿಗೆ ಮುಗೀತು.

ರ್‍ಯಾಮ್ ತೆಗೆದು ನೋಡಿದರೆ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಕು ಹಿಡಿದಿತ್ತು. ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕಕ್ಕೆ ಬೂಸ್ಟು ಬರುವ ಹಾಗೆ ಇದಕ್ಕೂ ಪಸೆ ಹಿಡಿದಿದೆ. ಪೆನ್ಸಿಲ್ ರಬ್ಬರಿನಿಂದ ಎರಡೂ ಕಡೆ ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿಯನ್ನು ಬ್ರಷ್‌ನಿಂದ ತೆಗೆದು, ಸ್ಲಾಟಿನ ಒಳಗೂ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬ್ರಷ್ ಆಡಿಸಿ, ಒಣಗಿದ ಮೇಲೆ ವಾಪಸ್ ಕೂರಿಸಿದೆ. ಬಟನ್ ಒತ್ತಿದರೆ ಪರದೆ ಬಂತು. ಆಫ್ ಮಾಡಿ ಒತ್ತಿದೆ, ಮತ್ತೆ ಬಂತು. ಅಂಗಡಿಯವರು ಹೇಳಿದ ‘ಮದರ್‌ಬೋರ್ಡ್’ ಕಥೆ ಒಂದು ರಬ್ಬರಿಗೆ ಮುಗಿದಿತ್ತು.

ಪರದೆ ಬಂದಾಗ ದಿನಾಂಕ 2012 ತೋರಿಸುತ್ತಿತ್ತು. ಒಳಗಿನ ಸಿಆರ್2032 ನಾಣ್ಯ ಬ್ಯಾಟರಿ ಖಾಲಿ. ಇದು ಸಣ್ಣ ವಿಷಯ ಅಂತ ಬಿಡಬೇಡಿ. ದಿನಾಂಕ ತಪ್ಪಿದ್ದರೆ ಬ್ರೌಸರ್ ಯಾವ ಸೈಟಿಗೆ ಹೋದರೂ ಸುರಕ್ಷಿತ ಅಲ್ಲ ಅಂತ ಎಚ್ಚರಿಸುತ್ತದೆ, ಯಾಕಂದರೆ ಆ ಸೈಟಿನ ಪ್ರಮಾಣಪತ್ರ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿಲ್ಲ. ಲಿನಕ್ಸಿನ ಅಪ್‌ಡೇಟ್ ಕೂಡ ಇದೇ ಕಾರಣಕ್ಕೆ ಹಟ ಮಾಡುತ್ತದೆ (ಲಿನಕ್ಸ್ ಅಂದರೆ ವಿಂಡೋಸಿನ ಬದಲಿಗೆ ಹಾಕುವ ಉಚಿತ ಕಾರ್ಯಾಚರಣಾ ವ್ಯವಸ್ಥೆ, ಮಿಂಟ್ ಅದರ ಒಂದು ಬಗೆ). ವಾಚ್ ಅಂಗಡಿಯಲ್ಲಿ ಸಿಗುವ ಸೆಲ್, ಐವತ್ತು ರೂಪಾಯಿ ಒಳಗೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆ ವೈರ್ ಸುತ್ತಿ ಕನೆಕ್ಟರ್ ಹಾಕಿರುತ್ತಾರೆ, ಇದರಲ್ಲಿ ಸುಮ್ನೆ ಹೋಲ್ಡರ್ ಇತ್ತು.

ಪರದೆ ಬಂತು ಅಂತ ಅಲ್ಲಿಗೇ ಮುಚ್ಚಲಿಲ್ಲ, ಪೂರ್ತಿ ಬಿಚ್ಚಿದೆ. ಸ್ಕ್ರೂಗಳು ಬೇರೆ ಬೇರೆ ಉದ್ದ ಇರುತ್ತವೆ, ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಬೋರ್ಡಿಗೇ ತೂತು ಬೀಳುತ್ತದೆ. ಹಾಗಾಗಿ ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಚಿತ್ರ ಗೀಚಿ, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಚುಚ್ಚಿ ಇಟ್ಟೆ. ಫ್ಯಾನಿನ ಬಾಯಲ್ಲಿ ಧೂಳು ಕಂಬಳಿಯ ತರ ಕೂತಿತ್ತು, ಅದರೊಳಗೆ ಎರಡು ಒಣಗಿದ ಜಿರಳೆ. ಚಿಕ್ಕಪ್ಪ ಉತ್ಸಾಹದಿಂದ ‘ತೋಟದ ಪಂಪಲ್ಲಿ ಗಾಳಿ ಹೊಡೆದ್ರೆ ಆಗೋದಿಲ್ವಾ?’ ಅಂತ ಕೇಳಿದರು. ಅಡಿಕೆಗೆ ಹೊಡೆಯುವ ಮೈಲುತುತ್ತವನ್ನು ವರ್ಷಗಟ್ಟಲೆ ಕುಡಿದ ಪಂಪು! ಬೇಡ ಅಂದೆ. ಪೇಂಟ್ ಬ್ರಷ್ ಮತ್ತು ಸೈಕಲ್ ಪಂಪು ಸಾಕು. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಮಿತಿಮೀರಿ ತಿರುಗಿದರೆ ಅದರ ಬೇರಿಂಗ್ ಹಾಳಾಗುತ್ತದೆ.

ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಾಗಿತ್ತು. ಅದನ್ನು ಆಲ್ಕೋಹಾಲಿನಲ್ಲಿ ಒರೆಸಿ, ಹೊಸ ಪೇಸ್ಟನ್ನು ಭತ್ತದ ಕಾಳಿನಷ್ಟು ಹಾಕಿ, ಹೀಟ್‌ಸಿಂಕಿನ ಸ್ಕ್ರೂಗಳನ್ನು ಅದರ ಮೇಲೆ ಬರೆದ ಸಂಖ್ಯೆಯ ಕ್ರಮದಲ್ಲೇ ಬಿಗಿದೆ. ಮೊದಲು ಬಯೋಸ್ ಪರದೆಯಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಸುಮ್ಮನೆ ಕೂತಿದ್ದರೂ ಕೈಬೆಚ್ಚಗಾಗುವಷ್ಟು ಬಿಸಿಗಾಳಿ ಬರುತ್ತಿತ್ತು. ಆಮೇಲೆ ಲಿನಕ್ಸ್ ಹಾಕಿ ನೋಡಿದಾಗ ವಿಡಿಯೋ ಓಡುವಾಗಲೂ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಂತಿತ್ತು.

ಹಿಂಜ್ ವಿಷಯ. ಇದು ಲೋಹದ ತೊಂದರೆ ಅಲ್ಲ, ಪ್ಲಾಸ್ಟಿಕ್ಕಿನದು. ಹಿಂಜಿನ ಸ್ಕ್ರೂ ಕಚ್ಚಿಕೊಳ್ಳುವ ಹಿತ್ತಾಳೆಯ ಸಣ್ಣ ನಟ್‌ಗಳು ಪ್ಲಾಸ್ಟಿಕ್ ಕಂಬದಿಂದ ಕಿತ್ತುಬಂದಿರುತ್ತವೆ. ಯಾಕೆ ಕಿತ್ತುಬರುತ್ತವೆ ಅಂದರೆ ಹಿಂಜು ವರ್ಷಗಳಲ್ಲಿ ಗಟ್ಟಿಯಾಗಿರುತ್ತದೆ, ಪರದೆ ಎತ್ತುವ ಬಲವೆಲ್ಲ ಆ ಕಂಬದ ಮೇಲೆ ಬೀಳುತ್ತದೆ. ಹಾಗಾಗಿ ಮೊದಲು ಹಿಂಜಿನ ತಿರುಗುವ ನಟ್ಟನ್ನು ಸ್ವಲ್ಪ ಸಡಿಲ ಮಾಡಬೇಕು, ಆಮೇಲೆ ಅಂಟಿಸಬೇಕು. ಸಡಿಲ ಮಾಡದೆ ಎಂಥ ಅಂಟು ಹಾಕಿದರೂ ಮತ್ತೆ ಕಿತ್ತುಬರುತ್ತದೆ. ಅರಾಲ್ಡೈಟಿನ ಎರಡು ಟ್ಯೂಬ್ ಸಮವಾಗಿ ಕಲಸಿ, ಪ್ಲಾಸ್ಟಿಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿ, ನಟ್‌ಗಳನ್ನು ಕೂರಿಸಿ ಸುತ್ತಲೂ ತುಂಬಿದೆ. ನಟ್ಟಿನ ತೂತಿನೊಳಗೆ ಅಂಟು ಇಳಿಯದಂತೆ ಸ್ಕ್ರೂಗೆ ಸ್ವಲ್ಪ ವ್ಯಾಸಲೀನ್ ಸವರಿ ತಿರುಗಿಸಿಟ್ಟಿರಬೇಕು. ರಾತ್ರಿಯೆಲ್ಲ ಮುಟ್ಟಬಾರದು.

ಡಿಸ್ಕಿನಿಂದ ಹಾಡು ತೆಗೆದದ್ದು

ಅಂಟು ಒಣಗಿದ ಮೇಲೆ ನಿಜವಾದ ಕೆಲಸ. ವಿಂಡೋಸ್ ಸುತ್ತುತ್ತಾ ಕೂರುತ್ತಿದ್ದಾಗ ಡಿಸ್ಕಿನಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತಿತ್ತು, ಅದು ಒಳ್ಳೆಯ ಲಕ್ಷಣ ಅಲ್ಲ. ಇಂಥ ಹೊತ್ತಿನಲ್ಲಿ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸುವವರು ತುಂಬಾ ಜನ ಇದ್ದಾರೆ. ದಯವಿಟ್ಟು ಬೇಡ. ಅದು ಡಿಸ್ಕನ್ನು ‘ಸರಿ’ ಮಾಡಲು ಹೋಗಿ ಸಾಯುತ್ತಿರುವ ಡಿಸ್ಕಿನ ಮೇಲೆ ಬರೆಯುತ್ತದೆ. ನಿಮಗೆ ಬೇಕಿರುವುದು ಸರಿಯಾದ ಡಿಸ್ಕ್ ಅಲ್ಲ, ಅದರೊಳಗಿನ ಕಡತ. ಮೊದಲು ನಕಲು, ಉಳಿದದ್ದೆಲ್ಲ ಆಮೇಲೆ.

ನನ್ನ ಕಂಪ್ಯೂಟರಿನಲ್ಲಿ ಒಂದು ಪೆನ್‌ಡ್ರೈವಿಗೆ ವೆಂಟಾಯ್ ಹಾಕಿಟ್ಟಿದ್ದೆ. ಇದು ಒಳ್ಳೆಯ ಉಪಾಯ. ಒಮ್ಮೆ ವೆಂಟಾಯ್ ಹಾಕಿದರೆ ಆಮೇಲೆ ಯಾವ ಲಿನಕ್ಸಿನ ಇನ್‌ಸ್ಟಾಲ್ ಕಡತ, ಅಂದರೆ ಐಎಸ್‌ಒ ಬೇಕೋ ಅದನ್ನು ಮಾಮೂಲಿ ಕಡತದ ಹಾಗೆ ನಕಲು ಮಾಡಿದರೆ ಸಾಕು, ಬೂಟ್ ಆಗುವಾಗ ಪಟ್ಟಿ ತೋರಿಸುತ್ತದೆ. ಐಎಸ್‌ಒ ಇಳಿಸಿದ ಮೇಲೆ ಅದರ ಶಾ256 ಮೊತ್ತವನ್ನು (ಕಡತ ಸರಿಯಾಗಿ ಇಳಿದಿದೆಯೋ ಅಂತ ಹೇಳುವ ಸಂಖ್ಯೆ) ಸೈಟಿನಲ್ಲಿ ಕೊಟ್ಟದ್ದರ ಜೊತೆ ತಾಳೆ ನೋಡಿ. ನಮ್ಮ ಊರಿನ ನೆಟ್‌ವರ್ಕಿನಲ್ಲಿ ಮೂರು ಜಿಬಿ ಇಳಿಯುವಾಗ ಎಲ್ಲಿ ಏನು ಕಡಿದುಹೋಗಿರುತ್ತದೋ ಹೇಳಲಾಗಲ್ಲ.

ಲೈವ್ ಮಿಂಟ್ (ಡಿಸ್ಕಿಗೆ ಹಾಕದೆ ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್ ಮಿಂಟ್) ಬೂಟ್ ಮಾಡಿ, ಅದರಲ್ಲೇ ಇರುವ ಡಿಸ್ಕ್ಸ್ ಅನ್ನುವ ತಂತ್ರಾಂಶ ತೆರೆದು ಸ್ಮಾರ್ಟ್ ಮಾಹಿತಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ನೋಡಿದೆ. ಅಲ್ಲಿ ನೂರೆಂಟು ಸಾಲು ಇರುತ್ತವೆ, ನೋಡಬೇಕಾದ್ದು ಮುಖ್ಯವಾಗಿ ಎರಡು. 5ನೆಯದು, ಕೆಟ್ಟ ಸೆಕ್ಟರನ್ನು (ಡಿಸ್ಕಿನ ಸಣ್ಣ ತುಂಡು) ಬಿಟ್ಟು ಡಿಸ್ಕ್ ಬದಲಿ ಜಾಗಕ್ಕೆ ಹೋದ ಲೆಕ್ಕ. 197ನೆಯದು, ಓದಲಾಗದೆ ಇನ್ನೂ ತೀರ್ಮಾನವಾಗದೆ ಬಾಕಿ ಇರುವ ಸೆಕ್ಟರುಗಳ ಲೆಕ್ಕ. ಒಳ್ಳೆಯ ಡಿಸ್ಕಿನಲ್ಲಿ ಎರಡೂ ಸೊನ್ನೆ. ಇದರಲ್ಲಿ ಎರಡೂ ಸೊನ್ನೆಯಿಂದ ಬಹಳ ದೂರ ಬಂದಿದ್ದವು.

ನಕಲಿಗೆ ಬಳಸಿದ್ದು ಗ್ನೂ ಡಿಡಿರೆಸ್ಕ್ಯೂ, ಕೆಟ್ಟ ಡಿಸ್ಕಿನಿಂದ ಮಾಹಿತಿ ಎತ್ತುವ ತಂತ್ರಾಂಶ. ಉಬುಂಟು, ಡೆಬಿಯನ್, ಮಿಂಟಿನಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ, ಮೊದಲಿಗೆ ಒಂದು ‘ಜಿ’ ಜಾಸ್ತಿ. ಮೊಬೈಲನ್ನು ಯುಎಸ್‌ಬಿ ಟೆದರಿಂಗಿಗೆ ಹಾಕಿದರೆ ಲೈವ್ ಮಿಂಟಿಗೂ ಇಂಟರ್‌ನೆಟ್ ಸಿಗುತ್ತದೆ, ಅಲ್ಲೇ ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ಡಿಡಿರೆಸ್ಕ್ಯೂ ಜಾಣ. ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲಾಗುವ ಜಾಗವನ್ನೆಲ್ಲ ಬೇಗ ಬೇಗ ಎತ್ತಿಕೊಳ್ಳುತ್ತದೆ, ಕೆಟ್ಟ ಜಾಗ ಸಿಕ್ಕರೆ ಅಲ್ಲಿ ಗುದ್ದಾಡದೆ ಹಾರಿಹೋಗುತ್ತದೆ. ಹಾರಿದ ಜಾಗಕ್ಕೆ ಕೊನೆಗೆ ಬರುತ್ತದೆ. ಸಾಯುವ ಡಿಸ್ಕಿನ ಉಳಿದ ಆಯುಷ್ಯವನ್ನು ಒಳ್ಳೆಯ ಭಾಗಕ್ಕೆ ಮೊದಲು ಖರ್ಚು ಮಾಡಬೇಕು, ಇಡೀ ಉಪಾಯ ಇಷ್ಟೇ. ‘ಎನ್’ ಆಯ್ಕೆ ಕೊಟ್ಟು ಮೊದಲ ಸುತ್ತು, ‘ಡಿ’ ಮತ್ತು ‘ಆರ್3’ ಕೊಟ್ಟು ಎರಡನೆಯದು. ಮೂಲ ಡಿಸ್ಕ್ ಯಾವುದು, ಗುರಿ ಡಿಸ್ಕ್ ಯಾವುದು ಅಂತ ಎಂಟರ್ ಒತ್ತುವ ಮುಂಚೆ ಇನ್ನೊಮ್ಮೆ ನೋಡಿ. ಅದಲುಬದಲಾದರೆ ಖಾಲಿ ಡಿಸ್ಕನ್ನು ಹಾಡಿನ ಮೇಲೆ ಬರೆದಂತೆ.

ಹಳೆಯ ಡಿಸ್ಕನ್ನು ಲ್ಯಾಪ್‌ಟಾಪಿನಲ್ಲೇ ಬಿಟ್ಟು, ಗುರಿಗೆ ಒಂದು ಟಿಬಿಯ ಎಕ್ಸ್‌ಟರ್ನಲ್ ಡಿಸ್ಕನ್ನು ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಗೆ ಹಾಕಿದೆ. ಕೆಟ್ಟ ಡಿಸ್ಕನ್ನು ಯುಎಸ್‌ಬಿ ಕೇಬಲ್ ಮೂಲಕ ಓದಿಸಿದರೆ ಕೆಟ್ಟ ಸೆಕ್ಟರ್ ಸಿಕ್ಕಾಗಲೆಲ್ಲ ಆ ಕೇಬಲಿನ ಚಿಪ್ಪೇ ಕೈಕೊಡುವುದುಂಟು. ಗುರಿ ಡಿಸ್ಕಿನ ಫಾರ್ಮ್ಯಾಟ್ ಫ್ಯಾಟ್32 ಇರಬಾರದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಯಲ್ಲ. ನಾನು ಲಿನಕ್ಸಿನ ಎಕ್ಸ್ಟ್4 ಫಾರ್ಮ್ಯಾಟ್ ಮಾಡಿಕೊಂಡೆ.

ಈಗ ಮಲೆನಾಡಿನ ಕರೆಂಟಿನ ಮಾತು. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್, ಮಳೆಗಾಲ, 500 ಜಿಬಿ ನಕಲು. ಒಳ್ಳೆಯ ಡಿಸ್ಕಾದರೆ ಎರಡು ಮೂರು ಗಂಟೆಯಲ್ಲಿ ಮುಗಿಯುವುದು ಇದರಲ್ಲಿ ರಾತ್ರಿಯೆಲ್ಲ ನಡೆಯುತ್ತದೆ. ಡಿಡಿರೆಸ್ಕ್ಯೂಗೆ ಮೂಲ, ಗುರಿ ಎರಡರ ಜೊತೆ ಮೂರನೆಯದಾಗಿ ಒಂದು ಮ್ಯಾಪ್ ಕಡತದ ಹೆಸರು ಕೊಡಬೇಕು, ಯಾವ ಸೆಕ್ಟರ್ ಬಂತು, ಯಾವುದು ಬರಲಿಲ್ಲ ಅನ್ನುವ ಲೆಕ್ಕ ಅದರಲ್ಲಿರುತ್ತದೆ. ಅದನ್ನು ಎಕ್ಸ್‌ಟರ್ನಲ್ ಡಿಸ್ಕಿನಲ್ಲೇ ಇಡಬೇಕು, ಲೈವ್ ಮಿಂಟಿನ ಡೆಸ್ಕ್‌ಟಾಪಿನಲ್ಲಿಟ್ಟರೆ ಅದು ಇರುವುದು ರ್‍ಯಾಮಿನಲ್ಲಿ, ಕರೆಂಟ್ ಹೋದರೆ ಲೆಕ್ಕವೂ ಹೋಯಿತು. ರಾತ್ರಿ ಗಾಳಿ ಬಂತು, ಕರೆಂಟ್ ಹೋಯಿತು, ಮನೆಯ ಇನ್ವರ್ಟರ್ ಲೈನು ಆ ಕೋಣೆಗಿಲ್ಲ. ಬೆಳಿಗ್ಗೆ ಕರೆಂಟ್ ಬಂದ ಮೇಲೆ ಅದೇ ಆಜ್ಞೆಯನ್ನು ಹಾಗೇ ಮತ್ತೆ ಕೊಟ್ಟೆ. ನಿಂತಲ್ಲಿಂದಲೇ ಶುರುವಾಯಿತು. ಈ ಒಂದು ಗುಣಕ್ಕೆ ಡಿಡಿರೆಸ್ಕ್ಯೂ ಬರೆದವರಿಗೆ ಒಂದು ಚೀಲ ಅಡಿಕೆ ಕಳಿಸಬೇಕು ಅನ್ನಿಸಿತು.

ಕೊನೆಗೆ ಓದಲಾಗದೆ ಉಳಿದಿದ್ದು ಕೆಲವೇ ಎಂಬಿ, ಅದರಲ್ಲೂ ಜಾಸ್ತಿ ವಿಂಡೋಸಿನದೇ ಕಡತಗಳು. ವಿಂಡೋಸ್ ಎದ್ದು ನಿಲ್ಲದಿದ್ದದ್ದು ಅದಕ್ಕೇ ಇರಬೇಕು. ನಕಲಾಗಿ ಬಂದ ಇಮೇಜ್ ಅಂದರೆ ಇಡೀ ಡಿಸ್ಕಿನ ಪ್ರತಿರೂಪ. ಲೋಸೆಟಪ್ ಆಜ್ಞೆಗೆ ದೊಡ್ಡಕ್ಷರದ ‘ಪಿ’ ಆಯ್ಕೆ ಕೊಟ್ಟರೆ ಅದರೊಳಗಿನ ಪಾರ್ಟಿಷನ್‌ಗಳು ಬೇರೆ ಬೇರೆಯಾಗಿ ಕಾಣುತ್ತವೆ. ಓದಲು ಮಾತ್ರ ಅಂತ ಮೌಂಟ್ ಮಾಡಿ ಹುಡುಕಿದರೆ ‘ಹಾಡು’, ‘ಹಾಡು ಹೊಸದು’, ‘ಹಾಡು ಕೊನೆಯದು’, ‘ಹಾಡು ಕೊನೆಯದು 2’ ಅನ್ನುವ ಫೋಲ್ಡರ್‌ಗಳು ಸಾಲಾಗಿ ನಿಂತಿದ್ದವು. ಎಲ್ಲರ ಮನೆ ದೋಸೆಯೂ ತೂತೇ.

ಯಾವ ಲಿನಕ್ಸ್

ಹಳೆಯ ಮಿಷಿನ್ ಅಂದ ತಕ್ಷಣ ಜನ ಅತಿ ಹಗುರದ ಲಿನಕ್ಸನ್ನೇ ಹುಡುಕುತ್ತಾರೆ. ಆಂಟಿಎಕ್ಸ್, ಪಪ್ಪಿ ಅಂತ. ಅವು ಕೆಟ್ಟವಲ್ಲ, 1 ಜಿಬಿ ರ್‍ಯಾಮಿನ ಮಿಷಿನ್ ಆಗಿದ್ದರೆ ನಾನೂ ಅದನ್ನೇ ಹಾಕುತ್ತಿದ್ದೆ. ಆದರೆ ಐ3 ಮೂರನೇ ತಲೆಮಾರು, ಇರುವ 4ಕ್ಕೆ ಇನ್ನೊಂದು 4 ಸೇರಿ 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಇದ್ದರೆ ಅಷ್ಟು ಉಪವಾಸ ಬೇಕಿಲ್ಲ. ನನ್ನ ಪ್ರಕಾರ ನೋಡಬೇಕಾದ್ದು ಒಂದೇ, ನಾನು ಊರಿಗೆ ಬರದ ದಿನ ಚಿಕ್ಕಪ್ಪ ಅದನ್ನು ನಡೆಸಿಕೊಂಡು ಹೋಗಬಲ್ಲರಾ? ಕೆಳಗೆ ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ, ಮೇಲ್ಗಡೆ ಬಲಕ್ಕೆ ಮುಚ್ಚುವ ಗುಂಡಿ ಇರಬೇಕು. ಹಾಗಾಗಿ ಲಿನಕ್ಸ್ ಮಿಂಟಿನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಮಿಂಟ್ 22ರ ಸರಣಿ ಉಬುಂಟು 24.04ರ ಮೇಲೆ ನಿಂತಿದೆ, ಭದ್ರತಾ ಅಪ್‌ಡೇಟ್ 2029ರವರೆಗೆ ಬರುತ್ತದೆ. ಕನಿಷ್ಠ 2 ಜಿಬಿ ರ್‍ಯಾಮ್ ಸಾಕು ಅನ್ನುತ್ತಾರೆ, 4 ಇದ್ದರೆ ಆರಾಮ.

ವಿಂಡೋಸನ್ನೇ ಮತ್ತೆ ಹಾಕಬಹುದಿತ್ತಲ್ವಾ ಅಂತ ಕೇಳುವವರಿಗೆ: ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೇ ತಲೆಮಾರಿನಿಂದ ಮೇಲಿನ ಪ್ರೊಸೆಸರ್ ಮತ್ತು ಟಿಪಿಎಂ 2.0 (ಭದ್ರತಾ ಚಿಪ್) ಕೇಳುತ್ತದೆ. ಇದು ಮೂರನೇ ತಲೆಮಾರು. ಚರ್ಚೆ ಅಲ್ಲಿಗೆ ಮುಗಿಯಿತು.

ಎಸ್‌ಎಸ್‌ಡಿ ಮತ್ತು ರ್‍ಯಾಮನ್ನು ಬೆಂಗಳೂರಿನ ಎಸ್‌ಪಿ ರೋಡಿನಿಂದ ಮೊದಲೇ ತಂದಿದ್ದೆ. 240 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ಮತ್ತು ಬಳಸಿದ 4 ಜಿಬಿಯ ಒಂದು ರ್‍ಯಾಮ್. ರ್‍ಯಾಮ್ ತಗೊಳ್ಳುವಾಗ ಡಿಡಿಆರ್3ಎಲ್ ಕೇಳಿ. ಅದು 1.35 ವೋಲ್ಟಿನಲ್ಲೂ ಓಡುತ್ತದೆ, 1.5ರಲ್ಲೂ ಓಡುತ್ತದೆ, ಮುಂದೆ ಬೇರೆ ಮಿಷಿನ್‌ಗೂ ಆಗುತ್ತದೆ. ಎಸ್‌ಎಸ್‌ಡಿಯ ಬಗ್ಗೆ ಒಂದೇ ಮಾತು: ಒಂದಕ್ಕೆ ಮಾತ್ರ ದುಡ್ಡಿದೆ ಅಂದರೆ ರ್‍ಯಾಮ್ ಬಿಟ್ಟು ಇದನ್ನು ತಗೊಳ್ಳಿ.

ಇನ್‌ಸ್ಟಾಲ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಬಯೋಸಿನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿದೆ, ಯುಇಎಫ್‌ಐ ಹಾಗೇ ಬಿಟ್ಟೆ, ಹಳೆಯ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿ ‘ಡಿಸ್ಕ್ ಪೂರ್ತಿ ಅಳಿಸಿ ಹಾಕು’ ಅಂದೆ. ಕಾಫಿ ಕುಡಿದು ಬರುವಷ್ಟರಲ್ಲಿ ಆಗಿತ್ತು.

ವೈಫೈ ಮಾತ್ರ ಇರಲಿಲ್ಲ. ಇದರೊಳಗೆ ಇದ್ದದ್ದು ಬ್ರಾಡ್‌ಕಾಮ್ ಬಿಸಿಎಂ43142 ಚಿಪ್. ಇದರ ಡ್ರೈವರ್ ಮುಕ್ತ ತಂತ್ರಾಂಶ ಅಲ್ಲದ ಕಾರಣ ಲಿನಕ್ಸ್ ಕರ್ನಲ್ಲಿನ ಜೊತೆ ಬರಲ್ಲ, ಬೇರೆ ಪ್ಯಾಕೇಜಾಗಿ ಸಿಗುತ್ತದೆ. ಮತ್ತೆ ಮೊಬೈಲ್ ಟೆದರಿಂಗ್, ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್, ಅದೇ ತೋರಿಸಿದ ಡ್ರೈವರಿಗೆ ಟಿಕ್, ರೀಸ್ಟಾರ್ಟ್. ಬಂತು. ನಿಮ್ಮದರಲ್ಲಿ ಯಾವ ಚಿಪ್ ಇದೆ ಅಂತ ಮೊದಲೇ ತಿಳಿಯಬೇಕಿದ್ದರೆ ಲೈವ್ ಮಿಂಟಿನಲ್ಲಿ ಎಲ್‌ಎಸ್‌ಪಿಸಿಐ ಆಜ್ಞೆ ಕೊಟ್ಟು ನೋಡಿ. ಎಥೆರೋಸ್ ಅಂತಿದ್ದರೆ ನೀವು ಅದೃಷ್ಟವಂತರು, ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ.

ಯೂಟ್ಯೂಬಿನಲ್ಲಿ ತಾಳಮದ್ದಲೆ ನೋಡುವಾಗ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಕಾರಣ ಇಷ್ಟೇ, ಈ ಪ್ರೊಸೆಸರಿನ ಒಳಗಿನ ಎಚ್‌ಡಿ 4000 ಗ್ರಾಫಿಕ್ಸಿಗೆ ಎಚ್.264 ವಿಡಿಯೋ ಬಿಡಿಸುವುದು ಗೊತ್ತು, ಯೂಟ್ಯೂಬ್ ಈಗ ಕಳಿಸುವ ವಿಪಿ9 ಗೊತ್ತಿಲ್ಲ. ಹಾಗಾಗಿ ಎಲ್ಲ ಭಾರ ಪ್ರೊಸೆಸರ್ ಮೇಲೆ. ಫೈರ್‌ಫಾಕ್ಸಿಗೆ ಎಚ್264ಐಫೈ ಅನ್ನುವ ಸಣ್ಣ ಎಕ್ಸ್‌ಟೆನ್ಷನ್ ಹಾಕಿದರೆ ಅದು ಯೂಟ್ಯೂಬಿನಿಂದ ಎಚ್.264 ಮಾತ್ರ ಕೇಳಿ ಪಡೆಯುತ್ತದೆ. 720ಪಿಯಲ್ಲಿ ಇಟ್ಟರೆ ಗಂಟೆಗಟ್ಟಲೆ ಭಾಗವತಿಕೆ ಕೇಳಬಹುದು.

ಕನ್ನಡ

ಇಲ್ಲಿವರೆಗಿನದು ಯಾವ ಭಾಷೆಯವರಿಗಾದರೂ ಆಗುವ ಕೆಲಸ. ಕನ್ನಡದವರಿಗೆ ಲಿನಕ್ಸ್ ಹಾಕಿಕೊಟ್ಟು ಇಲ್ಲಿಗೇ ಎದ್ದು ಹೋದರೆ ಒಂದು ವಾರದಲ್ಲಿ ಆ ಲ್ಯಾಪ್‌ಟಾಪ್ ಮತ್ತೆ ಮೂಲೆಗೆ ಸೇರುತ್ತದೆ. ಯಾಕಂದರೆ ಅವರಿಗೆ ಬೇಕಿದ್ದದ್ದು ಲಿನಕ್ಸ್ ಅಲ್ಲ, ಟೈಪಿಂಗ್.

ಕೀಲಿಮಣೆಯಿಂದ ಶುರು ಮಾಡೋಣ. ನುಡಿಯಲ್ಲಿರುವ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು, ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತುವಂಥದ್ದು. ಲಿನಕ್ಸಿನಲ್ಲಿ ಇದು ಎರಡು ಕಡೆ ಸಿಗುತ್ತದೆ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕಗಪ ಅನ್ನುವ ಹೆಸರಿನಲ್ಲಿ ಒಂದು ಇದೆ, ಅದನ್ನು ಹಾಕಬೇಡಿ. ಅಲ್ಲಿ ಒಂದು ಕೀಲಿಗೆ ಒಂದು ಅಕ್ಷರ ಅಷ್ಟೇ, ಹಿಂದೆ ವ್ಯಂಜನ ಇದೆಯೋ ಇಲ್ಲವೋ ಅಂತ ಅದಕ್ಕೆ ತಿಳಿಯಲ್ಲ, ಸ್ವರಕ್ಕೆ ಬೇರೆ, ಕಾಗುಣಿತದ ಚಿಹ್ನೆಗೆ ಬೇರೆ ಒತ್ತಬೇಕು. ನುಡಿಯಲ್ಲಿ ಪಳಗಿದ ಬೆರಳಿಗೆ ಅದು ಹಿಂಸೆ. ಬದಲಿಗೆ ಐಬಸ್ (ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶ) ಹಾಕಿ, ಅದರ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿ, ಲಾಗೌಟ್ ಆಗಿ ಬಂದು ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಆರಿಸಿ. ಇದು ಹಿಂದಿನ ಅಕ್ಷರ ನೋಡಿ ಕಾಗುಣಿತ ಕೂರಿಸುತ್ತದೆ. ಚಿಕ್ಕಪ್ಪ ಕೂತು ಎರಡು ಸಾಲು ಹೊಡೆದು ‘ಇದು ನುಡಿಯೇ ಅಲ್ವನಾ?’ ಅಂದರು. ಕಲಿಸುವ ಕೆಲಸವೇ ಉಳಿಯಲಿಲ್ಲ.

ಫಾಂಟಿಗೆ ಲೋಹಿತ್, ಗುಬ್ಬಿ, ನವಿಲು ಮೂರೂ ಪ್ಯಾಕೇಜಾಗಿ ಸಿಗುತ್ತವೆ. ಲಿಬ್ರೆಆಫೀಸಿನಲ್ಲಿ (ವರ್ಡ್ ತರದ ಉಚಿತ ತಂತ್ರಾಂಶ) ಒಂದು ಗಂಟಿದೆ, ಅದು ಗೊತ್ತಿಲ್ಲದೆ ತುಂಬಾ ಜನ ‘ಲಿನಕ್ಸಲ್ಲಿ ಕನ್ನಡ ಸರಿ ಇಲ್ಲ’ ಅಂತ ಬಿಟ್ಟುಬಿಡುತ್ತಾರೆ. ಅದು ಇಂಗ್ಲಿಷಿಗೆ ಒಂದು ಫಾಂಟು, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಫಾಂಟು ಅಂತ ಬೇರೆ ಬೇರೆ ಇಟ್ಟುಕೊಳ್ಳುತ್ತದೆ, ಅಕ್ಷರದ ಗಾತ್ರವೂ ಬೇರೆ ಬೇರೆ. ಆಯ್ಕೆಗಳೊಳಗೆ ಭಾಷೆಯ ವಿಭಾಗಕ್ಕೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನುವುದಕ್ಕೆ ಟಿಕ್ ಹಾಕಿ ಕನ್ನಡ ಆರಿಸಬೇಕು, ಆಮೇಲೆ ಸ್ಟೈಲಿನಲ್ಲಿ ಕನ್ನಡದ ಫಾಂಟು ಗಾತ್ರ ಎರಡನ್ನೂ ಒಮ್ಮೆ ಕೂರಿಸಿಬಿಟ್ಟರೆ ಮುಗಿಯಿತು.

ಈಗ ಹಳೆಯ ಹಾಡುಗಳು. ಕಡತ ತೆರೆದರೆ ಕನ್ನಡವೇ ಇಲ್ಲ! ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳು ಪುಟದ ತುಂಬಾ. ಚಿಕ್ಕಪ್ಪನ ಮುಖ ಬಾಡಿತು. ಕಡತ ಕೆಟ್ಟಿರಲಿಲ್ಲ. ಹಳೆಯ ನುಡಿಯ ಫಾಂಟಿನಲ್ಲಿ ಕಡತದೊಳಗೆ ಇರುವುದು ಅದೇ ಯುರೋಪಿನ ಸಂಕೇತಗಳು, ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಚಿತ್ರಿಸುವುದು ಫಾಂಟು. ಫಾಂಟಿಲ್ಲ, ಕನ್ನಡವಿಲ್ಲ. ರಕ್ಷಿಸಿದ ಇಮೇಜಿನೊಳಗೆ ವಿಂಡೋಸಿನ ಫಾಂಟ್ಸ್ ಫೋಲ್ಡರ್ ಹುಡುಕಿ, ನುಡಿ ಹೆಸರಿನ ಟಿಟಿಎಫ್ ಕಡತಗಳನ್ನೆಲ್ಲ ಹೊಸ ಮಿಂಟಿನ ಫಾಂಟ್ ಫೋಲ್ಡರಿಗೆ ಹಾಕಿ ಲಿಬ್ರೆಆಫೀಸ್ ಮತ್ತೆ ತೆರೆದೆ. ಹಾಡು ಕಂಡಿತು. ಓದಲು, ಪ್ರಿಂಟಿಗೆ ಇಷ್ಟೇ ಸಾಕು.

ಆದರೆ ಇದರಲ್ಲಿ ಹುಡುಕಲಾಗಲ್ಲ, ವಾಟ್ಸ್ಆ್ಯಪಿಗೆ ಕಳಿಸಲಾಗಲ್ಲ. ಯುನಿಕೋಡ್, ಅಂದರೆ ಎಲ್ಲ ಕಡೆ ನಡೆಯುವ ಸಂಕೇತ, ಮಾಡಲೇಬೇಕು. ಪರಿವರ್ತನೆ ಅಂದರೆ ಒಂದು ಸಂಕೇತ ತೆಗೆದು ಇನ್ನೊಂದು ಹಾಕುವುದು ಅಂತ ಅಂದುಕೊಂಡರೆ ಕೆಟ್ಟಿರಿ. ನುಡಿಯ ಹಳೆಯ ಸಂಕೇತದಲ್ಲಿ ಮ ಅನ್ನುವ ಅಕ್ಷರವೇ ಇಲ್ಲ. ವ ಆಕಾರಕ್ಕೆ ಪಕ್ಕದಲ್ಲಿ ಕೊಂಬು ಸೇರಿಸಿ ಮ ಮಾಡಿದ್ದಾರೆ, ಹಾಗಾಗಿ ನಿಜವಾದ ವು ಬರೆಯಲು ಬೇರೆಯದೇ ಒಂದು ಕೊಂಬಿಟ್ಟಿದ್ದಾರೆ. ಯ ಕೂಡ ಹೀಗೇ ತುಂಡು ತುಂಡು. ಅರ್ಕಾವತ್ತು ಇನ್ನೂ ತಮಾಷೆ. ಸೂರ್ಯ ಅನ್ನುವಾಗ ಕಣ್ಣಿಗೆ ಕಾಣುವ ಕ್ರಮದಲ್ಲಿ ಅರ್ಕಾವತ್ತು ಯ ಆದ ಮೇಲೆ ಬರುತ್ತದೆ, ನುಡಿಯಲ್ಲೂ ಹಾಗೇ ಇದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ, ರ್ ಮೊದಲು, ಯ ಆಮೇಲೆ. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಇಡಬೇಕು, ನಡುವೆ ಒತ್ತು ಇದ್ದರೆ ಅದನ್ನೂ ದಾಟಿ.

ಇದಕ್ಕೆಲ್ಲ ಕನ್ನಡದವರೇ ಬರೆದ ಮುಕ್ತ ಪರಿವರ್ತಕಗಳಿವೆ, ನಿಯಮಗಳು ಅವುಗಳಲ್ಲಿ ಚೆನ್ನಾಗಿವೆ. ತೊಂದರೆ ಎಲ್ಲಿ ಅಂದರೆ ಚಿಕ್ಕಪ್ಪ ಹಾಡಿನ ನಡುನಡುವೆ ಇಂಗ್ಲಿಷಿನಲ್ಲಿ ದಿನಾಂಕ, ಹಾಡಿದವರ ಊರು, ಫೋನ್ ನಂಬರ್ ಬರೆದಿದ್ದಾರೆ. ಪಠ್ಯವನ್ನು ಸಾರಾಸಗಟಾಗಿ ಪರಿವರ್ತಕಕ್ಕೆ ಕೊಟ್ಟರೆ ಆ ಇಂಗ್ಲಿಷೂ ಕನ್ನಡದ ಚೂರಾಗಿ ಬರುತ್ತದೆ. ಹಾಗಾಗಿ ಲಿಬ್ರೆಆಫೀಸನ್ನು ಹೆಡ್‌ಲೆಸ್ ಆಗಿ (ಕಿಟಕಿ ತೆರೆಯದೆ, ಆಜ್ಞೆಯಿಂದಲೇ) ಓಡಿಸಿ ಹಳೆಯ ಡಾಕ್ ಕಡತಗಳನ್ನೆಲ್ಲ ಡಾಕ್ಸ್ ಮಾಡಿಕೊಂಡೆ, ಪೈಥಾನ್-ಡಾಕ್ಸ್ ಲೈಬ್ರರಿಯಲ್ಲಿ ಒಂದೊಂದು ತುಂಡಿನ ಫಾಂಟ್ ಹೆಸರು ನೋಡಿ, ನುಡಿ ಅಂತ ಶುರುವಾದರೆ ಮಾತ್ರ ಪರಿವರ್ತಕಕ್ಕೆ ಕೊಟ್ಟೆ. ಕೆಲವು ತುಂಡುಗಳಿಗೆ ತಮ್ಮದೇ ಫಾಂಟ್ ಹೆಸರು ಇರಲ್ಲ, ಪ್ಯಾರಾದ ಸ್ಟೈಲಿನಿಂದ ಬಂದಿರುತ್ತದೆ, ಆಗ ಸ್ಟೈಲಿನ ಫಾಂಟು ನೋಡಬೇಕು. ಇಷ್ಟು ಮಾಡಿದರೆ ದಪ್ಪಕ್ಷರ, ಪುಟದ ಅಂಚು ಎಲ್ಲ ಹಾಗೇ ಉಳಿಯುತ್ತವೆ.

ತಾಳೆ ನೋಡುವುದನ್ನು ಮಿಷಿನ್‌ಗೆ ಬಿಡಲಿಲ್ಲ. ಚಿಕ್ಕಮ್ಮ ಅಡಿಕೆ ಸುಲಿಯುತ್ತಾ ಹೇಳುವುದು, ಚಿಕ್ಕಪ್ಪ ಪರದೆ ನೋಡುವುದು. ತಪ್ಪು ಸಿಕ್ಕವು, ಆದರೆ ಹೆಚ್ಚಿನವು ಪರಿವರ್ತಕದ್ದಲ್ಲ. ‘ನಾ ಹಾಗೆ ಹೇಳಿದ್ದೇ ಅಲ್ಲ, ಆಗಲೇ ನೀವು ಬರ್ಕಂಡಿದ್ದು ತಪ್ಪು’ ಅಂತ ಚಿಕ್ಕಮ್ಮ, ‘ನೀ ಹೇಳಿದ್ದನ್ನೇ ಬರ್ದಿದ್ದು’ ಅಂತ ಚಿಕ್ಕಪ್ಪ. ಆ ವಿಚಾರದಲ್ಲಿ ನಾನು ಬಾಯಿ ಹಾಕಲಿಲ್ಲ.

ಬಾಕಿ ಇರುವುದು ಪ್ರಿಂಟರ್. ಮನೆಯಲ್ಲಿರುವ ಹಳೆಯ ಲೇಸರ್ ಪ್ರಿಂಟರಿಗೆ ಅದನ್ನು ಮಾಡಿದವರು ಕೊಟ್ಟ ಲಿನಕ್ಸ್ ಡ್ರೈವರ್ ಹಳೆಯ ಆವೃತ್ತಿಗಳಿಗೆ ಮಾತ್ರ, ಮಿಂಟ್ 22ರಲ್ಲಿ ಪುಟ ಅರ್ಧಕ್ಕೆ ಬಂದು ನಿಲ್ಲುತ್ತದೆ. ಸದ್ಯಕ್ಕೆ ಪಿಡಿಎಫ್ ಮಾಡಿ ಪೆನ್‌ಡ್ರೈವಿನಲ್ಲಿ ಜೆರಾಕ್ಸ್ ಅಂಗಡಿಗೆ ಒಯ್ಯುತ್ತಾರೆ. ಟೈಮ್‌ಶಿಫ್ಟ್ ವಾರಕ್ಕೊಮ್ಮೆ ಸಿಸ್ಟಮ್ಮಿನ ಸ್ನ್ಯಾಪ್‌ಶಾಟ್ ತೆಗೆಯುವಂತೆ ಇಟ್ಟಿದ್ದೇನೆ, ಅದು ಹಾಡಿನ ಕಡತಗಳನ್ನು ಹಿಡಿಯಲ್ಲ, ಹಾಗಾಗಿ ಅವಕ್ಕೆ ಬೇರೆಯಾಗಿ ಎರಡು ನಕಲು, ಒಂದು ಪೆನ್‌ಡ್ರೈವಿನಲ್ಲಿ, ಇನ್ನೊಂದು ನನ್ನ ಹತ್ತಿರ. ಹೊಸ ಬ್ಯಾಟರಿ ಇನ್ನೂ ತಂದಿಲ್ಲ. ಇದಕ್ಕೆ ಸಿಗುವುದು ಈಗ ಹೊಂದಾಣಿಕೆಯ ನಕಲು ಬ್ಯಾಟರಿಗಳೇ. ಅದಕ್ಕಿಂತ ಇನ್ವರ್ಟರಿನ ಒಂದು ಪಾಯಿಂಟನ್ನು ಆ ಕೋಣೆಗೆ ಎಳೆಸುವುದು ಮೇಲು ಅಂತ ನಾನು, ವೈರಿಂಗಿನವನು ಅಡಿಕೆ ಕೊಯ್ಲು ಮುಗಿದ ಮೇಲೇ ಬರುವುದು ಅಂತ ಚಿಕ್ಕಪ್ಪ.